ಮಾಸ್ತರ ಹೆಸರಿನ ಪೆಟ್ಟಿಗೆ

ಇನ್ನೂ ಮಬ್ಬುಗತ್ತಲೆ. ಆಳಂದದ ಹಳೇ ಬಜಾರಿನ ಹಿಂದೆ, ತೊಗರಿ ವ್ಯಾಪಾರಿಯ ಎತ್ತರದ ಕಟ್ಟಡದ ಮಾಳಿಗೆಯ ಮೇಲೆ ಗೌಸಮೊಹಿದ್ದೀನ ಹಳೇ ಲುಂಗಿಯ ತುಂಡೊಂದನ್ನು ಹಿಡಿದು ಛತ್ರಿ ಒರೆಸುತ್ತಿದ್ದಾರೆ. ಡಿಶ್ ಆಂಟೆನಾಕ್ಕೆ ಊರವರು ಇಟ್ಟಿರುವ ಹೆಸರು ಛತ್ರಿ. ನಾಲ್ಕು ಜನ ಒತ್ತಾಗಿ ಮಲಗಬಹುದಾದಷ್ಟು ಅಗಲದ ಅದರ ಒಡಲಿನಲ್ಲಿ ಇಬ್ಬನಿ ಕೂತಿದೆ, ಪಾರಿವಾಳದ ಹಿಕ್ಕೆ ಒಣಗಿ ಅಂಟಿದೆ. ಚಳಿಗೆ ಬೆರಳು ಸೆಟೆದಿವೆ. ಗೌಸ್ ಬಾಯಿಂದ ಬಿಸಿ ಉಸಿರು ಊದಿಕೊಂಡು ಮತ್ತೆ ಒರೆಸುತ್ತಾರೆ.

ಒರೆಸಿ ಮುಗಿದ ಮೇಲೆ ಹೆಗಲಿಗೆ ವೈರಿನ ಸುರುಳಿ, ಸೊಂಟಕ್ಕೆ ವೈರ್ ಕತ್ತರಿಸುವ ಪಕ್ಕಡ್. ಆಳಂದದ ಹಳೇ ಮಾಳಿಗೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ, ಹಾಗಾಗಿ ಅರ್ಧ ಊರನ್ನು ನೆಲಕ್ಕೆ ಇಳಿಯದೆಯೇ ಸುತ್ತಬಹುದು. ರಾತ್ರಿ ಮಂಗಗಳು ಜೋತುಬಿದ್ದು ಎಲ್ಲಿ ವೈರ್ ಜಗ್ಗಿವೆಯೋ, ಯಾರ ಮನೆಯ ಅಕ್ಕ ಅದೇ ವೈರಿನ ಮೇಲೆ ಒದ್ದೆ ಕೌದಿ ಹರವಿದ್ದಾಳೋ, ಎಲ್ಲವನ್ನೂ ಜನ ಟೀವಿ ಹಚ್ಚುವ ಮೊದಲೇ ನೋಡಿ ಮುಗಿಸಬೇಕು. ಆರುನೂರರ ಹತ್ತಿರ ಮನೆಗಳಿವೆ. ರಮಜಾನ್ ಹಬ್ಬದ ದಿನವೂ ನಮಾಜು ಮುಗಿಸಿ, ಹೊಸ ಅಂಗಿಯಲ್ಲೇ ಮಾಳಿಗೆ ಹತ್ತಿದ್ದುಂಟು.

“ಚಿತ್ರ ಕೆಟ್ರ ಮಂದಿ ನನ್ನ ಹೆಸರ ತಗದು ಬೈತಾರ್ರಿ. ಚೊಲೋ ಬಂದ್ರ ಯಾರೂ ನೆನಸಾಂಗಿಲ್ಲ. ನೆನಸದಿದ್ರ ನನ್ನ ಕೆಲಸ ಬರೋಬ್ಬರಿ ನಡದದ ಅಂತ ತಿಳಕೋತೇನಿ,” ಎನ್ನುತ್ತಾರೆ ಗೌಸ್, ಜಗ್ಗಿದ ವೈರನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಗಂಟು ಬಿಗಿಯುತ್ತ. ಎಡಗೈ ಭುಜದಿಂದ ಮೇಲೆ ಏಳುವುದಿಲ್ಲ. ತೊಂಬತ್ತೈದರ ಮಳೆಗಾಲದಲ್ಲಿ ಪಾಚಿಗೆ ಕಾಲು ಜಾರಿ ಒಂದು ದನದ ಕೊಟ್ಟಿಗೆಯ ತಗಡಿನ ಮೇಲೆ ಬಿದ್ದರು. ಮೂಳೆ ಕೂಡಿತು, ಕೈ ಪೂರ್ತಿ ಬರಲಿಲ್ಲ. ಅಂದಿನಿಂದ ನಿಚ್ಚಣಿಕೆ ಹತ್ತುವುದೂ ಇಳಿಯುವುದೂ ಒಂದೇ ಕೈಯ ಬಲದಲ್ಲಿ.

ಅವರ ತಂದೆ ಮದುವೆ ಮೆರವಣಿಗೆಗಳಿಗೆ ಗ್ಯಾಸ್‌ಬತ್ತಿ ಬಾಡಿಗೆ ಕೊಡುತ್ತಿದ್ದವರು. ಹುಡುಗನಾಗಿದ್ದಾಗ ಗೌಸ್ ಆ ಬತ್ತಿಗಳನ್ನು ತಲೆಯ ಮೇಲೆ ಹೊತ್ತು ಹಿರೋಳ್ಳಿಯ ತನಕ ನಡೆದಿದ್ದಾರೆ. ಕರೆಂಟು ಬಂದು ಆ ಕಸುಬು ಮುಗಿಯಿತು. ಸೊಲ್ಲಾಪುರಕ್ಕೆ ಹೋಗಿ ಮೋಟಾರಿಗೆ ತಂತಿ ಸುತ್ತುವುದನ್ನು ಕಲಿತು ಬಂದರು. ತೊಂಬತ್ತಮೂರರಲ್ಲಿ ತೊಗರಿ ವ್ಯಾಪಾರಿ ಬಸವಂತರಾಯರು ಛತ್ರಿ ತರಿಸಿ ಕೇಬಲ್ ದಂಧೆ ಶುರುಮಾಡಿದಾಗ, ಎತ್ತರಕ್ಕೆ ಹತ್ತಲು ಹೂಂ ಎಂದವರು ಗೌಸ್ ಒಬ್ಬರೇ. ಇವತ್ತಿಗೂ ಆ ಛತ್ರಿಗೆ ಅವರೊಬ್ಬರೇ ಆಳು.

ಆಗ ಒಂದು ವಿದೇಶಿ ಚಾನೆಲ್ಲಿನಲ್ಲಿ ಐತವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಇಟಲಿಯ ಫುಟ್‌ಬಾಲ್ ಪಂದ್ಯಗಳು ಬರುತ್ತಿದ್ದವು. ನೋಡುವವರು ಬೆರಳೆಣಿಕೆಯ ಮಂದಿ. ಆದರೆ ಅವರಲ್ಲಿ ಒಬ್ಬರು ದೌಲತರಾಯ ಮಾಸ್ತರು. ಹೈಸ್ಕೂಲಿನಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೂ ದಿನಾ ನಸುಕಿನಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ಮೈದಾನಕ್ಕೆ ಹೋಗಿ ಊರ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಿದ್ದರು. ಲಿಂಗಾಯತರ ಓಣಿಯ ಹುಡುಗರೂ ದರ್ಗಾದ ಕಡೆಯ ಹುಡುಗರೂ ಒಂದೇ ಚೆಂಡಿನ ಹಿಂದೆ ಓಡುತ್ತಿದ್ದರು. ಐತವಾರ ಸಂಜೆ ಇಟಲಿಯವರು ಹೇಗೆ ಸಾಲುಕಟ್ಟಿ ಗೋಲು ಕಾಯುತ್ತಾರೆಂದು ನೋಡುವುದು, ಸೋಮವಾರ ನಸುಕಿಗೆ ಅದನ್ನೇ ಹುಡುಗರಿಂದ ಮಾಡಿಸುವುದು. ಪುಸ್ತಕದಲ್ಲಿ ಓದಿ ಮೂವತ್ತು ವರ್ಷ ಕಲಿಸಿದ್ದನ್ನು ಮಾಸ್ತರು ಕಣ್ಣಾರೆ ಕಂಡದ್ದೇ ಈ ಕೇಬಲ್ ಬಂದ ಮೇಲೆ.

“ಲೇ ಗೌಸ್, ನೀ ವೈರ್ ಎಳದಿಲ್ಲಪ, ನನಗ ಕಣ್ಣ ಕೊಟ್ಟಿ,” ಎಂದಿದ್ದರಂತೆ ಒಮ್ಮೆ. ಆ ಮಾತು ಹೇಳುವಾಗ ಗೌಸ್ ಮುಖ ಆಚೆ ತಿರುಗಿಸುತ್ತಾರೆ.

ತೊಂಬತ್ತಾರರ ದಸರೆಯ ಸುಮಾರಿಗೆ ಪಂದ್ಯಗಳು ನಿಂತವು. ಅವನ್ನು ನಮ್ಮ ದೇಶದಲ್ಲಿ ತೋರಿಸುವ ಹಕ್ಕನ್ನು ಬೇರೊಂದು ಕಂಪನಿ ಕೊಂಡಿತ್ತು. ಅದರ ಚಾನೆಲ್ಲಿಗೆ ಬೀಗ. ಬೀಗ ತೆಗೆಯುವ ಪೆಟ್ಟಿಗೆ ತಂದು ಜೋಡಿಸಿದರಷ್ಟೇ ಚಿತ್ರ. ಇಲ್ಲದಿದ್ದರೆ ಪರದೆಯ ಮೇಲೆ ಚಿಂದಿ ಚಿಂದಿ ಗೆರೆಗಳು, ಹಿಂದೆ ಮಂದಿಯ ಕೇಕೆ ಮಾತ್ರ. ಅಂಥ ಒಂದು ಐತವಾರ ಗೌಸ್ ಮಾಸ್ತರ ಮನೆಗೆ ಹೋದಾಗ ಅವರು ಚಿಂದಿಯಾದ ಚಿತ್ರದ ಮುಂದೆ ಕಣ್ಣು ಮುಚ್ಚಿ ಕೂತಿದ್ದರು. ಕೇಕೆ ಏರಿದಾಗ “ಇದು ಗೋಲ್ ಅಲ್ಲ, ತಪ್ಪಿತು,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಗೌಸ್‌ಗೆ ಅದನ್ನು ನೋಡಲಾಗಲಿಲ್ಲ. ಮರುದಿನವೇ ಬಸವಂತರಾಯರ ಅಡತಿ ಅಂಗಡಿಗೆ ಹೋಗಿ ಕೇಬಲ್‌ನವರಿಗೆಂದು ಕೊಡುವ ಪೆಟ್ಟಿಗೆ ತರಿಸಿರೆಂದು ಕೇಳಿದರು. ಊರಿನ ಅಷ್ಟೂ ಮನೆಗಳ ಲೆಕ್ಕದಲ್ಲಿ ಕಂಪನಿಗೆ ದುಡ್ಡು ಕಟ್ಟಬೇಕೆಂದು ಗೊತ್ತಾದದ್ದೇ ಬಸವಂತರಾಯರು ತಲೆ ಅಲ್ಲಾಡಿಸಿದರು. “ಮಂದಿಗಿ ಸಿನೇಮಾ ಬೇಕು, ಹಾಡ ಬೇಕು. ಇಟಲಿ ಮಂದಿ ಚೆಂಡ ಒದ್ರ ನಮಗೇನೋ? ಸುಮ್ಮ ಕೂಡು.”

ಗೌಸ್ ಸುಮ್ಮನೆ ಕೂಡಲಿಲ್ಲ. ಒಂದೇ ಮನೆಯಲ್ಲಿ ನೋಡಲೆಂದು ಕೊಡುವ ಬೇರೆ ಪೆಟ್ಟಿಗೆಯೂ ಇದೆ ಎಂದು ಸೊಲ್ಲಾಪುರದಲ್ಲಿ ಕೇಳಿದ್ದರು. ಅದನ್ನು ತಂದು ಛತ್ರಿಯ ಕೋಣೆಯಲ್ಲಿಟ್ಟು ಊರಿನ ಲೈನಿಗೇ ಜೋಡಿಸಿದರೆ ಎಲ್ಲ ಮನೆಗೂ ಪಂದ್ಯ ಹೋಗುತ್ತದೆ. ಆದರೆ ಕೇಬಲ್ ಕೆಲಸದವನ ಹೆಸರಿಗೆ ಅದನ್ನು ಕೊಡುವುದಿಲ್ಲ. ಗೌಸ್ ಅರ್ಜಿಯ ಕಾಗದವನ್ನು ಮಾಸ್ತರ ಹೆಸರಿನಲ್ಲಿ ತುಂಬಿಸಿ, ಹಿಡಿದುಕೊಂಡು ಸೀದಾ ಮೈದಾನಕ್ಕೆ ಹೋದರು.

“ಬಸವಂತರಾಯಪ್ಪ ಊರಿಗೆಲ್ಲ ಮಾಡಸಾಕತ್ತಾರಿ ಸರ. ಊರಾಗಿನ ಒಬ್ಬ ಇಜ್ಜತದ ಮನಷ್ಯಾಂದು ಸಹಿ ಬೇಕಂತ. ಸಾಕ್ಷಿಗಿ,” ಎಂದರು.

ಮಾಸ್ತರ ಓದುವ ಚಾಳೀಸು ಮನೆಯಲ್ಲಿತ್ತು. ಕಾಗದವನ್ನು ಚೆಂಡಿನ ಮೇಲೆ ಒತ್ತಿ ಹಿಡಿದು, ಓದದೆ ಸಹಿ ಹಾಕಿದರು. “ನೀ ಹೇಳಿದ ಮ್ಯಾಲ ಓದೂದೇನದ?” ಎಂದು ಸೀಟಿ ಊದಿ ಹುಡುಗರ ಕಡೆ ಓಡಿದರು.

“ಅಷ್ಟ ದೊಡ್ಡ ಸುಳ್ಳು ನಾ ಅದಕ್ಕೂ ಮುಂಚೆ ಹೇಳಿದ್ದಿಲ್ರಿ,” ಎನ್ನುತ್ತಾರೆ ಗೌಸ್. “ಅವ್ರಿಗಿ ಖುಷಿ ಮಾಡಬೇಕಂತಿತ್ತು. ಆದ್ರ ಖರೇ ಹೇಳಿ ಕೇಳಿದ್ರ ಅವ್ರು ಸಹಿ ಹಾಕಾಂಗಿಲ್ಲ ಅಂಬೂದೂ ನನಗ ಗೊತ್ತಿತ್ತು. ಗೊತ್ತಿದ್ದೇ ಮಾಡೀನಿ.”

ಪೆಟ್ಟಿಗೆ ಬಂತು, ಬೀಗದ ಚಾನೆಲ್ ಎಂಬ ಕುತೂಹಲಕ್ಕೆ ಎರಡು ತಿಂಗಳು ಊರಿಗೆ ಊರೇ ಪಂದ್ಯ ನೋಡಿತು. ಐತವಾರ ಸಂಜೆ ಮಾಳಿಗೆಯ ಮೇಲೆ ನಿಂತರೆ ಗೋಲು ಬಿದ್ದದ್ದು ಓಣಿಓಣಿಯ ಕೂಗಿನಿಂದ ತಿಳಿಯುತ್ತಿತ್ತು. ಪೆಟ್ಟಿಗೆಯ ವಿಷಯ ಬಸವಂತರಾಯರಿಗೂ ತಿಳಿಯಿತು. ಅವರು ಕಂಡೂ ಕಾಣದಂತಿದ್ದರು. ಆ ಚಳಿಗಾಲ ಜೇವರ್ಗಿಯ ಪಂದ್ಯಾವಳಿಯಲ್ಲಿ ಆಳಂದದ ಹುಡುಗರು ಅಫಜಲಪುರದವರನ್ನು ಸೋಲಿಸಿ ಕಪ್ ಗೆದ್ದರು. “ನಮ್ಮೂರ ಟೀವ್ಯಾಗ ಇಟಲಿ ಬರ್ತದ,” ಎಂದು ಅಲ್ಲಿ ಜಂಭ ಕೊಚ್ಚಿದರು. ದುಡ್ಡು ಕಟ್ಟಿ ಪೆಟ್ಟಿಗೆ ತಂದಿದ್ದ ಅಫಜಲಪುರದ ಕೇಬಲ್‌ನವರ ಕಿವಿಗೆ ಆ ಮಾತು ಬಿತ್ತು. ಅಲ್ಲಿಂದ ಗುಲಬರ್ಗಾದಲ್ಲಿದ್ದ ಕಂಪನಿಯ ಏಜೆಂಟರಿಗೂ ಮುಟ್ಟಿತು.

ಒಂದು ಐತವಾರ ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರದ ಚಾ ಅಂಗಡಿಯಲ್ಲಿ ಒಬ್ಬ ಪರವೂರಿನ ಯುವಕ ಗೌಸ್ ಪಕ್ಕದಲ್ಲಿ ಕೂತ. ಹೆಸರು ನರಸಿಂಹ ಎಂದ. ರಾತ್ರಿ ಬಸ್ಸಿಗೆ ಹೋಗಬೇಕು, ಅಲ್ಲಿಯ ತನಕ ಎಲ್ಲಾದರೂ ಫುಟ್‌ಬಾಲ್ ನೋಡಲು ಸಿಗುತ್ತದೆಯೇ ಎಂದು ಕೇಳಿದ.

“ಎಲ್ಲಾದ್ರೂ ಅಂದ್ರ? ನಮ್ಮೂರಾಗ ಎಲ್ಲಾ ಮನ್ಯಾಗೂ ಬರ್ತದ್ರಿ,” ಎಂದರು ಗೌಸ್, ಎದೆಯುಬ್ಬಿಸಿ. ತಾವೇ ಅವನನ್ನು ಮಾಸ್ತರ ಮನೆಗೆ ಕರೆದುಕೊಂಡು ಹೋದರು. ಮಾಸ್ತರು ಮಂಚದ ಮೇಲೆ ಜಾಗ ಬಿಟ್ಟು ಕೂಡಿಸಿದರು. ಅವರ ಹೆಂಡತಿ ಗಂಗಾಬಾಯಿ ಚುರಮುರಿ ಸೂಸಲಾ ಮಾಡಿ ತಾಟು ತುಂಬ ಕೊಟ್ಟರು. ಆಟದ ನಡುವೆ ಅವನು ಇಷ್ಟು ಮನೆಗಳಿಗೆ ಹೇಗೆ ಕೊಡುತ್ತೀರಿ, ಪೆಟ್ಟಿಗೆ ಎಲ್ಲಿದೆ ಎಂದು ಮೆಲ್ಲಗೆ ಕೇಳಿದ. ಗೌಸ್ ಅವನನ್ನು ಮಾಳಿಗೆಗೇ ಹತ್ತಿಸಿ ಛತ್ರಿಯ ಕೋಣೆ ತೋರಿಸಿದರು. ಪೆಟ್ಟಿಗೆಯ ಹಿಂಬದಿಯ ನಂಬರನ್ನು ಅವನು ಬಗ್ಗಿ ನೋಡಿದ್ದು ಗೌಸ್ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮರುದಿನ ಮುಂಜಾನೆ ಹವಾಲ್ದಾರ ಮೈದಾನಕ್ಕೆ ಬಂದ. ಮಾಸ್ತರ ಹಳೇ ವಿದ್ಯಾರ್ಥಿ. ಸೈಕಲ್ ನಿಲ್ಲಿಸಿ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, “ಸರ, ಸಾಹೇಬ್ರು ನಿಮಗ ಠಾಣಾಕ್ಕ ಕರದಾರಿ. ತಪ್ಪ ತಿಳೀಬ್ಯಾಡ್ರಿ,” ಎಂದ. ಮಾಸ್ತರು ಹುಡುಗರ ಮುಂದೆಯೇ ಅವನ ಜೊತೆ ಹೊರಟರು. ಅಂಗಡಿಗಳು ಬಾಗಿಲು ತೆರೆಯುವ ಹೊತ್ತು. ಕೊರಳಲ್ಲಿ ಸೀಟಿ, ಮೊಣಕಾಲ ತನಕ ಧೂಳು, ಪಕ್ಕದಲ್ಲಿ ಪೋಲೀಸ. ಇಡೀ ಬಜಾರು ನೋಡಿತು.

ಸುದ್ದಿ ಮುಟ್ಟಿದಾಗ ಗೌಸ್ ಯಾರದೋ ಮಾಳಿಗೆಯ ಮೇಲಿದ್ದರು. ಪೆಟ್ಟಿಗೆಯನ್ನು ಪೋಲೀಸರು ಆಗಲೇ ಒಯ್ದಿದ್ದರು. ಎದ್ದೆನೋ ಬಿದ್ದೆನೋ ಎಂದು ಠಾಣೆಯ ತನಕ ಓಡಿದರು. ಒಳಗೆ ಹೋಗಲಿಲ್ಲ.

ಠಾಣೆಯ ಎದುರಿಗೆ ಒಂದು ಚಾ ಅಂಗಡಿ. ಅಲ್ಲಿ ಕೂತರು. ಕಿಟಕಿಯಿಂದ ಒಳಗಿನ ಬೆಂಚು ಕಾಣುತ್ತಿತ್ತು. ಅದರ ಮೇಲೆ ಮಾಸ್ತರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಇನ್ನೊಂದು ಗುಟುಕು ಕುಡಿದು ಏಳುತ್ತೇನೆ ಎಂದುಕೊಂಡರು ಗೌಸ್. ಏಳಲಿಲ್ಲ. ಇನ್ನೊಂದು ಚಾ ಹೇಳಿದರು. ಹೆಂಡತಿ ನೆನಪಾದಳು, ಮೂರು ಮಕ್ಕಳು ನೆನಪಾದರು. ಪೋಲೀಸರು ಹೊಡೆದರೆ ಉಳಿದ ಕೈಯೂ ಹೋದೀತು ಅನಿಸಿತು. ಬಸವಂತರಾಯರು ಬಂದು ಬಿಡಿಸಬಹುದು ಎಂದುಕೊಂಡರು. ಮಾಸ್ತರು ದೊಡ್ಡ ಮನೆತನದವರು, ಅವರನ್ನೇನು ಮಾಡುತ್ತಾರೆ ಎಂದೂ ಅಂದುಕೊಂಡರು. ಮಧ್ಯಾಹ್ನದ ಅಜಾನ್ ಕೇಳಿಸಿತು. ಆಗಲೂ ಅಲ್ಲೇ ಕೂತಿದ್ದರು.

ಗಂಗಾಬಾಯಿ ಬುತ್ತಿ ಕಟ್ಟಿಕೊಂಡು ಬಂದರು. ತಲೆಯ ಮೇಲಿನ ಸೆರಗು ಕಣ್ಣಿನ ತನಕ ಇಳಿದಿತ್ತು. ಬಾಗಿಲಲ್ಲಿದ್ದ ಪೇದೆ ಅವರನ್ನು ಒಳಗೆ ಬಿಡಲಿಲ್ಲ. ತಿರುಗಿದವರಿಗೆ ಚಾ ಅಂಗಡಿಯಲ್ಲಿ ಗೌಸ್ ಕಂಡರು. ಅವರ ಮುಖದ ಮೇಲೆ ಜೀವ ಬಂದಂತಾಯಿತು.

“ಗೌಸ್, ನೀ ಬಂದಿ? ಚೊಲೋ ಆತು ನೋಡಪ. ಒಳಗ ಹೋಗಿ ಹೇಳು, ನಮ್ಮವ್ರಿಗಿ ಏನೂ ಗೊತ್ತಿಲ್ಲಂತ. ನೀ ಹೇಳಿದ್ರ ಕೇಳ್ತಾರ. ಈ ಬುತ್ತೀನೂ ಕೊಡು.”

ಬುತ್ತಿ ಇನ್ನೂ ಬಿಸಿಯಿತ್ತು. ಅದನ್ನು ಹಿಡಿದುಕೊಂಡು ಗೌಸ್ ರಸ್ತೆ ದಾಟಿದರು.

ಒಳಗೆ ಫೌಜದಾರರು ಮುಂಜಾನೆಯಿಂದ ಮಾಸ್ತರಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು, ಪೆಟ್ಟಿಗೆ ತಂದು ಊರಿಗೆ ಜೋಡಿಸಿದವರು ಯಾರು ಎಂದು. ಮಾಸ್ತರು “ಸಹಿ ನಂದದ. ನನ್ನ ಕೇಳ್ರಿ,” ಎಂದಷ್ಟೇ ಹೇಳುತ್ತ ಬಂದಿದ್ದರು. ಯಾರ ಕೆಲಸವೆಂದು ಅವರಿಗೆ ತಿಳಿದುಹೋಗಿತ್ತು. ಆದರೂ ಹೆಸರು ಹೇಳಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ, ಪತ್ತೆಹಚ್ಚಲು ಕಂಪನಿ ಕಳಿಸಿದ್ದ ನರಸಿಂಹ ತಲೆ ತಗ್ಗಿಸಿ ಕೂತಿದ್ದ. ಹಿಂದಿನ ಸಂಜೆ ಉಂಡ ಮನೆಯವರನ್ನು ನೋಡಲಾರದೆ ನೆಲ ನೋಡುತ್ತಿದ್ದ.

“ಸಾಹೇಬ್ರ, ಪೆಟಗಿ ನಂದರಿ. ಸುಳ್ಳ ಹೇಳಿ ಸಹಿ ತಗೊಂಡೀನಿ. ಸರಿಗಿ ಏನೇನೂ ಗೊತ್ತಿಲ್ಲ,” ಎಂದರು ಗೌಸ್.

ಫೌಜದಾರರು ಬೈದದ್ದು ಅವರಿಗೆ ನೆನಪಿಲ್ಲ. ಮಾಸ್ತರು ತಿರುಗಿ ನೋಡಿದ್ದು ನೆನಪಿದೆ. ಸಿಟ್ಟಿರಲಿಲ್ಲ. ಕಿಟಕಿಯ ಕಡೆ ಒಮ್ಮೆ, ಅದರಾಚೆಯ ಅಂಗಡಿಯ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದರು.

“ಚಾ ಆಯ್ತೇನ್ರಿ, ಗೌಸಮೊಹಿದ್ದೀನವರ?”

ಇಷ್ಟು ಹೇಳಿ ಗೌಸ್ ಪಕ್ಕಡನ್ನು ತೆಗೆದು ನೋಡಿ ಮತ್ತೆ ಸೊಂಟಕ್ಕೆ ಸಿಗಿಸಿಕೊಳ್ಳುತ್ತಾರೆ. “ಅಟ್ಟೂ ಹೊತ್ತು ನೋಡ್ಯಾರ್ರಿ ಅವ್ರು ನನಗ. ನೋಡಿನೂ ಹೆಸರ ಹೇಳಿಲ್ಲ. ಹೊಡದಿದ್ರ ಮರೀತಿದ್ದೆ. ಅವತ್ತು ‘ಲೇ’ ಬಿಟ್ಟು ‘ರಿ’ ಹಚ್ಚಿದವ್ರು ಇವತ್ತಿಗೂ ಬಿಟ್ಟಿಲ್ಲ. ದಾರ್‍ಯಾಗ ಸಿಕ್ರ ‘ಆರಾಮಿದ್ದೀರೇನ್ರಿ’ ಅಂತಾರ. ಯಾರರೆ ಕೇಳಿದ್ರ ಇದು ಮರ್ಯಾದಿ ಅನ್ಕೋತಾರ.”

ಆ ದಿನ ಠಾಣೆಯಲ್ಲಿ ನರಸಿಂಹ ವಿಷಯ ಬಿಡಿಸಿ ಹೇಳಿದ್ದ. ಪಂದ್ಯ ಆಡಿಸುವವರು ಅದನ್ನು ತೋರಿಸುವ ಹಕ್ಕನ್ನು ಒಂದೊಂದು ದೇಶಕ್ಕೆ ಒಬ್ಬೊಬ್ಬರಿಗೆ ಮಾರುತ್ತಾರೆ, ಕೊಂಡವರು ಊರೂರಿಗೆ ಕೊಡುತ್ತಾರೆ, ಆಕಾಶದಿಂದ ಬೀಳುವ ಕಿರಣಕ್ಕೆ ಗಡಿಯಿಲ್ಲದಿದ್ದರೂ ಹಕ್ಕಿಗೆ ಇದೆ ಎಂದು. ಗೌಸ್ ಅದನ್ನು ತಮ್ಮದೇ ರೀತಿಯಲ್ಲಿ ಹಿಡಿದಿಟ್ಟುಕೊಂಡಿದ್ದಾರೆ. “ಸರಕಾರದವ್ರು ರಸ್ತಾ ಬಾಜೂದ ಹುಣಸಿಗಿಡ ಹರಾಜ ಹಾಕ್ತಾರಲ್ರಿ, ಹಂಗ. ಹಣ್ಣ ಉದರಿ ರಸ್ತಾದ ಮ್ಯಾಲ ಬಿದ್ದಿರ್ತದ. ಎಲ್ಲಾರ ಕಾಲಾಗೂ ಬರ್ತದ. ಆದ್ರ ಹರಾಜಿನಾಗ ಹಿಡದಾಂವಂದ ಅದು. ನಾ ಅದನ್ನ ಚೀಲ ತುಂಬಿ ಊರಿಗಿ ಹಂಚೀನಿ, ಮ್ಯಾಲ ಮಾಸ್ತರ ಹೆಸರ ಹಾಕೀನಿ.”

ಬಸವಂತರಾಯರು ಕೊನೆಗೆ ಸರಿಯಾದ ಪೆಟ್ಟಿಗೆಗೆ ಒಪ್ಪಿಕೊಂಡರು. ಕಂಪನಿ ಮಾಸ್ತರ ಹೆಸರನ್ನು ಕೈಬಿಟ್ಟಿತು. ಗೌಸ್ ಮೇಲಿನ ಕೇಸು ಕೋರ್ಟಿನಲ್ಲಿ ದಂಡದೊಂದಿಗೆ ಮುಗಿಯಿತು. ಆ ಎತ್ತರಕ್ಕೆ ಹತ್ತುವ ಬೇರೆ ಆಳು ಸಿಗಲಿಲ್ಲವೆಂದು ನೌಕರಿಯೂ ಉಳಿಯಿತು. ಕೇಸು ಮುಗಿದ ವಾರವೇ ಮಾಸ್ತರು ತಮ್ಮ ಮನೆಯ ಕೇಬಲ್ ತೆಗೆಸಿರೆಂದು ಹೇಳಿಕಳಿಸಿದರು. ತೆಗೆಯಲು ಹೋಗಬೇಕಾದವರು ಗೌಸ್. ಒಂದು ಕಾಲದಲ್ಲಿ ತಾವೇ ಎಳೆದ ವೈರನ್ನು ತಾವೇ ಸುತ್ತಿಕೊಂಡು ಇಳಿದರು. ಗಂಗಾಬಾಯಿ ಎಂದಿನಂತೆ ನೀರು ಕೊಟ್ಟರು. ಮಾಸ್ತರು ಬಾಗಿಲ ತನಕ ಬಂದು “ಉಪಕಾರ ಆಯ್ತ್ರಿ,” ಎಂದರು.

ಕೋರ್ಟಿನಲ್ಲಿ ಏನಾಯಿತೆಂದು ಊರಿಗೆ ಬೇಕಿರಲಿಲ್ಲ. ಊರು ಕಂಡದ್ದು ಬಜಾರಿನಲ್ಲಿ ಪೋಲೀಸನ ಪಕ್ಕ ನಡೆದ ಮಾಸ್ತರನ್ನು. ಟೀವಿ ಕದ್ದ ಮಾಸ್ತರು ಎಂಬ ಮಾತು ಕಟ್ಟೆಕಟ್ಟೆಗೂ ಹಬ್ಬಿತು. ಕೆಲವು ಮನೆಯವರು ಮಕ್ಕಳನ್ನು ಮೈದಾನಕ್ಕೆ ಕಳಿಸುವುದು ಬಿಟ್ಟರು. ಜನವರಿ ಇಪ್ಪತ್ತಾರಕ್ಕೆ ಪ್ರತಿ ವರ್ಷ ಮಾಸ್ತರನ್ನು ಕರೆಯುತ್ತಿದ್ದ ಶಾಲೆಯವರು ಮರೆತವರಂತೆ ಸುಮ್ಮನಾದರು. ಮಾಸ್ತರು ಈಗಲೂ ನಸುಕಿಗೆ ಹೋಗುತ್ತಾರೆ. ಎರಡು ತಂಡ ಮಾಡುವಷ್ಟು ಹುಡುಗರು ಇರುವುದಿಲ್ಲ.

ಗೌಸ್ ಸುಮ್ಮನಿರಲಿಲ್ಲ. ಕಟಿಂಗ್ ಅಂಗಡಿಯಲ್ಲಿ, ಮಸೀದಿಯ ಮುಂದೆ, ಅಡತಿಯಲ್ಲಿ, ಸಿಕ್ಕಸಿಕ್ಕವರಿಗೆ ನಡೆದದ್ದನ್ನು ಹೇಳಿದರು. ಮಂದಿ ಕೇಳಿದರು, ಬೆನ್ನು ತಟ್ಟಿದರು. “ಮಾಸ್ತರ ಅಂದ್ರ ಗೌಸ್ ಜೀವಾ ಬಿಡ್ತಾನ. ಅವ್ರ ತಪ್ಪ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾನ ನೋಡ್ರಿ. ಏನ್ ದೊಡ್ಡ ಮನಸು!” ಎಂದರು. ಹೇಳಿದಷ್ಟೂ ಗೌಸ್ ಹೆಸರು ಏರಿತು, ಮಾಸ್ತರ ಹೆಸರು ಮತ್ತಷ್ಟು ಇಳಿಯಿತು. ಒಂದು ಸಂಘದವರು ಶಾಲು ಹೊದಿಸುತ್ತೇವೆ ಎಂದೂ ಬಂದಿದ್ದರು. ಗೌಸ್ ಹಿತ್ತಲ ಬಾಗಿಲಿನಿಂದ ಓಡಿಹೋದರು.

“ಮನ್ಯಾಗ ಹೆಂಡ್ತಿಗಿ ಹೇಳಿದೆ. ಆಕಿನೂ ಪೂರಾ ನಂಬಲಿಲ್ರಿ,” ಎನ್ನುತ್ತಾರೆ. “ಮಾಡಿದ ತಪ್ಪಿನ ನಾಚಿಕಿ, ಶರಮಿಂದಗಿ, ಅದೂ ನನಗ ಸಿಗವಲ್ದು.”

ಈಗ ಐತವಾರದ ಪಂದ್ಯಗಳು ಹಕ್ಕಿನಿಂದಲೇ ಬರುತ್ತವೆ. ಕಳಿಸುವುದು ಗೌಸ್ ಕೆಲಸ. ಗುಂಡಿ ಒತ್ತಿ, ಚಿತ್ರ ಸರಿ ಬಂತೆಂದು ನೋಡಿ, ಕೋಣೆಯಿಂದ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಒಂದು ಪಂದ್ಯವನ್ನೂ ಆಮೇಲೆ ನೋಡಿಲ್ಲ.

ಬಿಸಿಲು ಏರಿದೆ. ಎಲೆಮರೆಯ ಕಾಯಿಯಂಥವರ ಬಗ್ಗೆ ಬರೆಯುತ್ತೇವೆಂದು ನಮ್ಮ ಪತ್ರಿಕೆಯವರು ಹೋದ ವರ್ಷ ಕೇಳಿದಾಗ ಗೌಸ್ ಕೈಮುಗಿದು ಕಳಿಸಿಬಿಟ್ಟಿದ್ದರು. ಈ ಸಲ ತಾವೇ ಹೂಂ ಎಂದಿದ್ದಾರೆ. ಯಾಕೆಂದು ಕೇಳಿದರೆ ನಿಚ್ಚಣಿಕೆಯ ಮೇಲಿನ ಮೆಟ್ಟಿಲಿಗೆ ಕಾಲಿಟ್ಟು ನಿಲ್ಲುತ್ತಾರೆ.

“ಬಾಯಿಲೆ ಹೇಳಿದ್ರ ಮಂದಿ ನಂಬವಲ್ರು. ಅಚ್ಚಿನಾಗ ಬಂದ್ರ ನಂಬ್ತಾರ. ಮಾಸ್ತರದು ತಪ್ಪಿಲ್ಲಂತ ಬರೀರಿ. ನನ್ನ ಕೈ ಮುರದದ್ದು, ಮಾಳಿಗಿ ಹತ್ತೂದು, ಅದೆಲ್ಲಾ ಇರಲಿಲ್ಲಂದ್ರೂ ನಡೀತದ.”

ಫೋಟೋ ಬೇಡವೇನೋ ಎಂದು ನಾವು ಕ್ಯಾಮೆರಾವನ್ನು ಚೀಲದೊಳಗೆ ಇಡುವಷ್ಟರಲ್ಲಿ ಗೌಸ್ ತಡೆಯುತ್ತಾರೆ. ಒಂದೇ ಕೈಯಿಂದ ಕೂದಲು ಸರಿಮಾಡಿಕೊಂಡು, ಬಿಸಿಲಿಗೆ ಮುಖ ಕೊಟ್ಟು ನೆಟ್ಟಗೆ ನಿಲ್ಲುತ್ತಾರೆ.

“ಇಲ್ರಿ, ತಗೀರಿ. ಮಾರಿ ಚಂದ ಕಾಣೂಹಂಗ ತಗೀರಿ. ಕದ್ದಾಂವ ಯಾರಂತ ಮಂದಿಗಿ ಗುರ್ತ ಸಿಗಬೇಕಲ್ರಿ.”